ಪರದೆಯ ಹಿಂದಿನ ಗುರುತು

ಬಟ್ಟೆಯ ಮರೆಯಿಂದ ಮಹೆಕ ಬೇಗನೆ ಹೊರಗೆ ಬಂದಳು. ತುಸು ಹೆಚ್ಚೇ ಬೇಗ.

"ಇವರದೇ ಕಾರ್ಡ್ ಐತ್ರಿ," ಎಂದು ಮತಗಟ್ಟೆಯ ಅಧಿಕಾರಿ ಶಿವಯೋಗೀಶರಿಗೆ ಹೇಳಿದಳು. ಅವಳ ಹಿಂದೆ ಬುರ್ಖಾ ತೊಟ್ಟ ಹೆಂಗಸು ಮುಸುಕು ಇಳಿಸಿಕೊಂಡು ನಿಂತಿದ್ದಳು.

ಪಕ್ಷವೊಂದರ ಏಜೆಂಟ್ ದತ್ತು ಕುರ್ಚಿಯಿಂದ ಎದ್ದ. "ಸರ, ಒಂದೀಟ ತಡೀರಿ. ಉಳಿದವರ ಮುಖ ನೋಡಾಕ ಈ ಮೇಡಂ ಎಷ್ಟ ಹೊತ್ತ ತಗೊಂಡ್ರು? ಈಕಿನ್ನ ಒಳಗ ಕರಕೊಂಡು ಹೋದವರು ಹೋದಂಗ ಹೊಳ್ಳಿ ಬಂದ್ರು."

ಬೆಂಗೇರಿಯ ಆ ಶಾಲೆಯ ಕೋಣೆಯಲ್ಲಿ ಮಹೆಕಳಿಗೆ ಬೆಳಗಿನಿಂದ ಎರಡೇ ಕೆಲಸ. ಮುಸುಕಿನಲ್ಲಿ ಬಂದ ಹೆಂಗಸರನ್ನು ಮೂಲೆಗೆ ಕರೆದೊಯ್ದು ಮುಖವನ್ನು ಫೋಟೋದೊಂದಿಗೆ ಹೋಲಿಸಿ ನೋಡುವುದು. ಆಮೇಲೆ ಬೆರಳಿಗೆ ಶಾಯಿ ಹಚ್ಚುವುದು. ಅವಳು ಕೆಲಗೇರಿಯಲ್ಲಿ ಶಾಲಾ ಶಿಕ್ಷಕಿ. ಬಾಡಿಗೆಯ ಒಂದು ಕೋಣೆ. ಸಂಜೆಯಾದರೆ ಕೆರೆಯ ದಂಡೆ. ಮಾತಾಡಲು ಯಾರೂ ಇಲ್ಲ. ಚುನಾವಣೆ ಕೆಲಸದ ಆದೇಶದಲ್ಲಿ ಬೆಂಗೇರಿ ಎಂದು ಓದಿದಾಗ, ಬೇರೆ ಕಡೆ ಹಾಕಿ ಎಂದು ಕೇಳಲು ಕಚೇರಿಯ ಬಾಗಿಲವರೆಗೂ ಹೋಗಿದ್ದಳು. ಕೇಳದೆ ಹಿಂದಿರುಗಿದ್ದಳು.

ಶಿವಯೋಗೀಶರು ಕಾರ್ಡನ್ನು ತಿರುಗಿಸಿ ನೋಡಿದರು. ಮಾಬೂಬಿ. ಗಂಡ ಉಸ್ಮಾನಸಾಬ. ಫೋಟೋದಲ್ಲಿದ್ದದ್ದು ತುಂಬುಗೆನ್ನೆಯ ಹೆಂಗಸು. ಎದುರಿಗೆ ನಿಂತಿದ್ದವಳ ಮೈಮೇಲೆ ಬುರ್ಖಾ ಗೂಟಕ್ಕೆ ತೂಗುಹಾಕಿದಂತಿತ್ತು.

"ಬುರ್ಖಾದಾಗ ಯಾರ ಬಂದ್ರೂ ನಡೀತೈತೇನ್ರಿ?" ಎಂದ ದತ್ತು.

"ಹಿಂಗ ಒಬ್ಬೊಬ್ಬರನ್ನ ನಿಲ್ಲಿಸಿದ್ರ ಬಡವರು ಓಟ್ ಹಾಕೋದು ಹೆಂಗ?" ಎಂದ ಎದುರು ಪಕ್ಷದ ಏಜೆಂಟ್ ಜಾವೀದ.

ಶಿವಯೋಗೀಶರು ಇಬ್ಬರನ್ನೂ ಕೈಸನ್ನೆಯಿಂದ ಸುಮ್ಮನಾಗಿಸಿದರು. "ಅಮ್ಮಾ, ಆಧಾರ ಐತೇನು?"

"ಮಳಿಗಾಲದಾಗ ಮನ್ಯಾಗ ನೀರು ಹೊಕ್ಕು ಹಾಳಾತ್ರಿ. ಇದೊಂದು ಉಳದೈತಿ."

"ಮನ್ಯಾಗ ಮತ್ಯಾರದಾರ?"

"ಯಾರೂ ಇಲ್ರಿ. ಒಬ್ಬ ಮಗ. ಜೈಲಿನ್ಯಾಗ ಅದಾನ."

ಮಹೆಕ ಶಾಯಿಯ ಬಾಟಲಿಯ ಮುಚ್ಚಳವನ್ನು ಬಿಗಿ ಮಾಡಿದಳು, ಸಡಿಲಿಸಿದಳು.

"ಈ ಸಲ ಹಾಕದಿದ್ರ ಹೆಸರ ತಗದ ಬಿಡ್ತಾರಂತ," ಎಂದಳು ಮಾಬೂಬಿ. ದನಿ ಗಟ್ಟಿಯಾಗಿಯೇ ಇತ್ತು. "ತಗದ್ರ, ಈಕಿ ಇನ್ನೂ ಬದುಕ್ಯಾಳ ಅಂತ ಹೇಳಾವ್ರು ನನಗ ಯಾರೂ ಇಲ್ರಿ."

ಶಿವಯೋಗೀಶರು ಮಹೆಕಳ ಕಡೆ ತಿರುಗಿದರು. "ಖಾತ್ರಿ ಏನ್ರಿ?"

"ಖಾತ್ರಿ ರೀ. ಬಲಗಡೆ ಹುಬ್ಬಿನ ಮ್ಯಾಲ ಗಾಯದ ಕಲಿ ಐತಿ. ಫೋಟೋದಾಗೂ ಐತಿ."

ಅವರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹುಬ್ಬೇ ಮಸುಕಾಗಿತ್ತು. ಕಲೆ ಅವರಿಗೆ ಕಾಣಲಿಲ್ಲ. ಇದ್ದರೂ ಇರಬಹುದು ಅನ್ನಿಸಿತು.

ದತ್ತು ನಕ್ಕ. "ಮೇಡಮ್ಮಾರ, ನಿಮ್ಮವರು ಅಂತ ಬಿಡಾಕತ್ತೀರೇನ್ರಿ?"

"ನಮ್ಮವರಲ್ರಿ," ಎಂದಳು ಮಹೆಕ.

"ಏನಮ್ಮಾ, ಈ ಮೇಡಂ ನಿಮಗ ಪರಿಚಯ ಅದಾರೇನು?" ಎಂದು ಶಿವಯೋಗೀಶರು ನೇರವಾಗಿ ಕೇಳಿದರು. "ಸಂಬಂಧ ಇದ್ರ ಇವರ ಮಾತು ನಾ ಹಿಡಿಯಂಗಿಲ್ಲ."

ಮುಸುಕು ಮಹೆಕಳ ಕಡೆ ತಿರುಗಿತು. ನಿಧಾನವಾಗಿ, ಮೇಲಿಂದ ಕೆಳಗೆ ನೋಡಿತು.

"ಇಲ್ರಿ. ಇವರು ಯಾರೋ ನನಗ ಗೊತ್ತಿಲ್ಲ."

ಶಿವಯೋಗೀಶರು ಪಟ್ಟಿಯಲ್ಲಿ ಗೆರೆ ಎಳೆದು ಹೆಸರನ್ನು ಜೋರಾಗಿ ಕೂಗಿದರು. ದತ್ತು ಗೊಣಗುತ್ತ ಕೂತ.

ಮಹೆಕ ಆ ಎಡಗೈಯನ್ನು ಹಿಡಿದುಕೊಂಡಳು. ತೋರುಬೆರಳ ಮೇಲೆ ಶಾಯಿಯ ಗೆರೆ ಎಳೆದಳು. ಗೆರೆ ಮುಗಿದ ಮೇಲೂ ಕೈ ಬಿಡಲಿಲ್ಲ. ಹಿಂದಿನವರು ತಳ್ಳಾಡತೊಡಗಿದಾಗ ಮಾಬೂಬಿಯೇ ಬೆರಳು ಬಿಡಿಸಿಕೊಂಡಳು. ಮತಯಂತ್ರ ಉದ್ದಕ್ಕೆ ಕೂಗಿತು. ಅವಳು ಹೊರಟುಹೋದಳು. ಬಾಗಿಲಲ್ಲಿ ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಸಾಲು ಕರಗಿದಾಗ ಶಿವಯೋಗೀಶರು ಊಟದ ಡಬ್ಬಿ ಬಿಚ್ಚುತ್ತ ಹೇಳಿದರು, "ನೀವು ಅಷ್ಟು ಗಟ್ಟಿಯಾಗಿ ನಿಲ್ಲದಿದ್ರ ಆಕಿನ್ನ ನಾ ವಾಪಸ್ ಕಳಿಸ್ತಿದ್ದೆ. ಮೊದಲ ಎಲ್ಲೆರೆ ಸಾಕ್ಷಿ ಹೇಳೀರೇನು?"

"ಒಮ್ಮೆ ಹೇಳೇನ್ರಿ. ಕೋರ್ಟಿನ್ಯಾಗ. ಕಣ್ಣಾರೆ ಕಂಡಿದ್ದೆ, ಹೇಳಿದೆ."

"ಛಲೋ ಮಾಡಿದ್ರಿ," ಎಂದು ಅವರು ರೊಟ್ಟಿ ಮುರಿದರು.

ಯಾರ ಮೇಲೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ, ಸ್ವಂತ ಅಣ್ಣನ ಮೇಲೆ ಎಂದೂ, ಅಂದಿನಿಂದ ಮಗಳಿಗೆ ಮುಖ ತೋರಿಸದಿದ್ದ ತಾಯಿ ಇವತ್ತು ಮತ ಹಾಕಲೆಂದು ತನ್ನೆದುರು ಮುಸುಕು ಎತ್ತಬೇಕಾಯಿತು ಎಂದೂ ಮಹೆಕ ಹೇಳಬೇಕಾಗುತ್ತಿತ್ತು.