ಹೆಬ್ಬೆರಳಿನ ಬಿಳಿ ಚುಕ್ಕೆ

ಒಂದು ದಿನವನ್ನು ಉಳಿಸಿಕೊಳ್ಳಲು ನಲವತ್ತು ರೂಪಾಯಿ. ಉಳಿಸದಿದ್ದರೆ ಸಂಜೆ ಆರಕ್ಕೆ ನಿಮ್ಮ ಮೈ, ನೆನಪು, ಕಲಿತದ್ದು ಎಲ್ಲವೂ ಹಿಂದೆ ಉಳಿಸಿದ ದಿನಕ್ಕೆ ಮರಳುತ್ತವೆ. ಬಟ್ಟೆಬರೆ ಮಾತ್ರ ಮರಳುವುದಿಲ್ಲ, ಆರಕ್ಕೆ ಹೇಗಿತ್ತೋ ಹಾಗೆಯೇ ಇರುತ್ತದೆ. ಗದಗಿನ ಜಾಣರು ಸುಮ್ಮನೆ ಕಳೆದ ದಿನಕ್ಕೆ ದುಡ್ಡು ಸುರಿಯುವುದಿಲ್ಲ.

ರೊಟ್ಟಿ ಮಾರುವ ನೀಲವ್ವ ಐದೂಮುಕ್ಕಾಲಿಗೆ ದಿನ ಉಳಿಸುವ ಕೌಂಟರಿಗೆ ಬಂದಳು. ಇನ್ನೂ ಉಳಿಸದ ಬದಲಾವಣೆ ಇದೆಯೆಂದು ಹೇಳುವ ಬಿಳಿ ಚುಕ್ಕೆ ಅವಳ ಹೆಬ್ಬೆರಳಿನ ಉಗುರಿನಲ್ಲಿ ಹೊಳೆಯುತ್ತಿತ್ತು. ಐವತ್ತೆರಡನೆಯ ವಯಸ್ಸಿಗೆ ಅವತ್ತು ಅವಳು ಸೈಕಲ್ ಕಲಿತಿದ್ದಳು. ಬಿದ್ದು ಸೀರೆ ಹರಿದು, ಮುಂದಿನ ಹಲ್ಲೊಂದು ಹೋಗಿತ್ತು.

"ಉಳಿಸಬ್ಯಾಡ," ಎಂದ, ತನ್ನ ದಿನಗಳನ್ನು ಮಾತ್ರ ತಪ್ಪದೆ ಉಳಿಸುವ ಗಂಡ ಕಲ್ಲಪ್ಪ. "ಆರಕ್ಕ ಹಲ್ಲು ವಾಪಸ್ ಬರ್ತದ. ಸೈಕಲ್ ನಾಳೆ ಕಲಿತರಾತು."

ಕೌಂಟರಿನ ಶಕೀಲಾ ಕಿಸಕ್ಕನೆ ನಕ್ಕಳು. "ಕಾಕಾ, ಇವತ್ತಿಗೆ ಐದನೇ ದಿನ ಇದನ್ನ ಹೇಳಾಕತ್ತೀರಿ!"

ನೀಲವ್ವ ಗಂಡನ ಕಡೆ ತಿರುಗಿದಳು. "ಅದಕ್ಕ ಮನ್ಯಾಗ ನಾಲ್ಕು ಸೀರಿ ಹರಿದಾವೇನು? ಇಲಿ ಕಡದಾವು ಅಂದ್ರಿ!"

"ಹಲ್ಲಿದ್ರ ಚಂದ ಕಾಣ್ತಿ ಅಂತ..."

"ಚಂದ ನೋಡೋದು ಬಿಟ್ಟು ಹಿಂದ ಓಡಿ ಬರ್ರಿ!"

ಅವಳು ನಲವತ್ತು ರೂಪಾಯಿ ಇಟ್ಟು, ಹೆಬ್ಬೆರಳನ್ನು ಕೌಂಟರಿನ ಗಾಜಿಗೆ ಒತ್ತಿದಳು. ಚುಕ್ಕೆ ಮಾಯವಾಯಿತು. ಹೊರಗೆ ಸೈಕಲ್ ಹತ್ತಿ, ಬೆಲ್ಲು ಬಾರಿಸುತ್ತ, ಹೋ ಎಂದು ಕೂಗುತ್ತ ಇಳಿಜಾರಿನಲ್ಲಿ ಹೊರಟೇಬಿಟ್ಟಳು. ಕಲ್ಲಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದ.

ಹೋದದ್ದು ಒಂದು ಹಲ್ಲು, ಐದು ಸೀರೆ. ಸೈಕಲ್ ಬಂತು.