ಸೇರಿಸಿದ ದೃಶ್ಯ

ಗಂಡ ಹೆಂಡತಿಯ ಮುಂದೆ ಕೂತು, ಅವರದೇ ಬದುಕಿನ ಮೇಲೆ ಬರೆದ ಸಿನಿಮಾದ ನಲವತ್ತನೆಯ ದೃಶ್ಯ ಓದುವಾಗ ಚಿತ್ರಕಥೆಗಾರನ ದನಿ ತುಸು ಏರಿತು. ದೇವರ ಮೇಲೆ ಭಾರ ಹಾಕಿ ಒಂಬತ್ತು ಅನಾಥ ಮಕ್ಕಳನ್ನು ಸಾಕಿದ ಈ ದಂಪತಿಯ ನೆಮ್ಮದಿ ಕಂಡು ಅವನಿಗೆ ತಿಂಗಳುಗಟ್ಟಲೆ ಹೊಟ್ಟೆ ಉರಿದಿತ್ತು. ಅದಕ್ಕೇ ಅವರು ಹೇಳದ ಮಾತೊಂದನ್ನು ಸೇರಿಸಿದ್ದ: ಮಗುವೊಂದು ಸತ್ತ ದಿನ ಗಂಡ "ದೇವರಿಲ್ಲ" ಎನ್ನುತ್ತಾನೆ.

ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿಯ ಸೂಜಿ ನಿಂತಿತು. "ಹಾಗಂದಿದ್ದು ಇವರಲ್ಲ, ನಾನು."

ಸದ್ಯ, ಇವರೂ ನನ್ನಂತೆಯೇ ನಂಬಿಕೆ ಕಳೆದುಕೊಂಡವರು ಎಂದು ಅವನಿಗೆ ಒಳಗೊಳಗೇ ಹಿಗ್ಗಾಯಿತು. "ಆಮೇಲೆ ಏನಾಯ್ತಕ್ಕಾ?"

"ಆಮೇಲೇನು, ಉಳಿದ ಮಕ್ಕಳು ಪ್ರಾರ್ಥನೆಗೆ ಕಾಯ್ತಿದ್ವು, ಹೋಗಿ ಕೂತೆ. ನನಗೆ ನಂಬಿಕೆ ಬರೋಕೆ ಎರಡು ವರ್ಷ ಹಿಡೀತು. ಅಲ್ಲೀವರೆಗೂ ನನ್ನ ಪಾಲಿಂದೂ ಇವರೇ ನಂಬಿದ್ರು." ಗಂಡ ದಾರ ಕತ್ತರಿಸಲು ಅವಳಿಗೆ ಕತ್ತರಿ ಕೊಟ್ಟ. ಅದನ್ನು ನೋಡಿ ಚಿತ್ರಕಥೆಗಾರನ ಹೊಟ್ಟೆಯುರಿ ಮೊದಲಿಗಿಂತ ಹೆಚ್ಚಾಯಿತು.