ರಕ್ಕಸನ ಪಾತ್ರ

ಕೋರೆಹಲ್ಲು ಉದುರಬಹುದಿತ್ತು, ಕಿರೀಟ ಕಣ್ಣಿನ ಮೇಲೆ ಜಾರಬಹುದಿತ್ತು, ಮಾತು ಮರೆಯಬಹುದಿತ್ತು, ಹಲ್ಲಿ ಕಂಡರೂ ಅಳುತ್ತಿದ್ದ ನಾನು ಜನರ ಮುಂದೆ ಅತ್ತೇಬಿಡಬಹುದಿತ್ತು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕೆಂಪು ಬಣ್ಣದ ವಾಸನೆ ಬಂದರೆ ಈಗಲೂ ಈ ಭಯಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ.

ಗಾದಿಗನೂರಿನಲ್ಲಿ ಅಂದು ಮಧ್ಯಾಹ್ನ ನಮ್ಮ ಹುಡುಗಿಯರ ಬಯಲಾಟ. ಎಲ್ಲರೂ ದೇವರಾಗಲು ಜಗಳವಾಡಿದ್ದರಿಂದ ಯಾರಿಗೂ ಬೇಡವಾದ ರಕ್ಕಸನ ಪಾತ್ರ ನನ್ನ ಪಾಲಿಗೆ ಬಂದಿತ್ತು.

"ಹೆಣ್ಣುಡುಗಿಗೆ ರಕ್ಕಸನ ವೇಷ ಬ್ಯಾಡ್ರಿ ಮಾಸ್ತರ," ಎಂದು ಅಜ್ಜಿ ಗೊಣಗಿದಳು.

"ಸುಮ್ನ ಕುಂದ್ರಬೇ ಯಮ್ಮಾ," ಎಂದ ಬಯಲಾಟದ ಮಾಸ್ತರರು ನನ್ನ ಕೆನ್ನೆಗೆ ಬಣ್ಣ ಒತ್ತುತ್ತ ನನಗೆ ಹೇಳಿದರು: "ಕೆಟ್ಟವನಂಗ ಆಡಬ್ಯಾಡ. ಯಾವ ರಕ್ಕಸನೂ ತಾ ಕೆಟ್ಟವ ಅನ್ಕೊಂಡಿರಂಗಿಲ್ಲ. ನಡುಗಿದ್ಯೋ, ನಿನ್ನ ಗಿಡ ಮಾಡಿ ಮೂಲ್ಯಾಗ ನಿಲ್ಲಸ್ತೀನಿ ನೋಡು!"

ಗಿಡವಂತೂ ಆಗಬಾರದೆಂದು ಹಲ್ಲು ಕಚ್ಚಿ ರಂಗಕ್ಕೆ ನುಗ್ಗಿದೆ. ಎದೆ ತಟ್ಟಿಕೊಂಡು, "ಈ ಕೆರೆಯನ್ನು ತೋಡಿದವರು ನಾವು! ನೀರು ಮಾತ್ರ ದೇವತೆಗಳಿಗೇಕೆ?" ಎಂದು ಗುಡುಗಿದೆ. ಒಂದು ಮಾತೂ ತಪ್ಪಲಿಲ್ಲ, ಕಾಲೂ ನಡುಗಲಿಲ್ಲ. ಇನ್ನು ದೇವರು ಬಾಣ ಬಿಡಬೇಕು, ನಾನು ಬಿದ್ದು ಸಾಯಬೇಕು, ಅಷ್ಟೇ ಉಳಿದಿತ್ತು.

ದೇವರಾಗಿದ್ದ ಗೆಳತಿ ಈರಮ್ಮ ಬಿಲ್ಲು ಎತ್ತಿದಳು. ನನ್ನನ್ನೇ ನೋಡಿದಳು. ಮೆಲ್ಲಗೆ ಬಿಲ್ಲು ಕೆಳಗಿಳಿಸಿದಳು.

"ಬಾಣ ಬಿಡಬೇ, ಜಲ್ದಿ!" ಎಂದು ಪರದೆಯ ಹಿಂದಿನಿಂದ ಮಾಸ್ತರರು ಒದರಿದರು.

ಈರಮ್ಮ ಇಡೀ ಊರಿಗೆ ಕೇಳುವಂತೆ ಕೂಗಿದಳು: "ಹೆಂಗ ಬಿಡ್ಲಿರಿ ಮಾಸ್ತರ? ಆಕಿ ಹೇಳೋದು ಖರೇನ ಐತಲ್ರೀ!"